ಮೋಡೆಮ್ ಬದಲಿಸುವ ಮೊದಲು ಫೋನಿಗೆ ಕಿವಿ ಕೊಡಿ

(ಫೋನ್ ಲೈನಿಗೆ ಮೋಡೆಮ್ ಹಾಕಿ, ಡಯಲ್ ಮಾಡಿ ನೆಟ್ ನೋಡುತ್ತಿದ್ದ ವಿಂಡೋಸ್ 98ರ ಕಾಲದ ಪ್ರಶ್ನೋತ್ತರ ಇದು. ‘ಈಗ’, ‘ಇನ್ನೂ’ ಅಂದದ್ದೆಲ್ಲ ಆಗಿನ ಮಾತು. ಕಂಪ್ಯೂಟರಿನ ಅಂಕಿಯನ್ನು ಸದ್ದಾಗಿಸಿ ಫೋನ್ ಲೈನಿನಲ್ಲಿ ಕಳಿಸುವ, ಬಂದ ಸದ್ದನ್ನು ಮತ್ತೆ ಅಂಕಿಯಾಗಿಸುವ ಸಾಧನವೇ ಮೋಡೆಮ್.)

ಪ್ರಶ್ನೆ: ನಮ್ಮದು ಸಾಗರ ತಾಲೂಕಿನ ಒಳಗಿನ ಹಳ್ಳಿ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ಮನೆಗೆ ಸುಮಾರು 5 ಕಿಲೋಮೀಟರ್. ವಿಂಡೋಸ್ 98 ಕಂಪ್ಯೂಟರ್, ಅದರೊಳಗೇ ಕೂರುವ 56ಕೆ (ಸೆಕೆಂಡಿಗೆ 56,000 ಬಿಟ್) ಮೋಡೆಮ್. ನೆಟ್ ಹಾಕಿದರೆ ಸ್ಪೀಡ್ ಸೆಕೆಂಡಿಗೆ 26,400 ಬಿಟ್ ಅಂತ ತೋರಿಸುತ್ತದೆ, ಕೆಲವು ಸಲ 21,600. ಅದೂ ಹತ್ತು ಹದಿನೈದು ನಿಮಿಷಕ್ಕೆ ಕಟ್ ಆಗುತ್ತದೆ. ಮಳೆ ಹಿಡಿದರೆ ಕನೆಕ್ಟ್ ಆಗುವುದೇ ಕಷ್ಟ. ಲೈನ್‌ಮ್ಯಾನ್ ಬಂದು ಫೋನ್ ಎತ್ತಿ ಮಾತಾಡಿ ‘ಲೈನ್ ಸರಿ ಇದೆ’ ಅಂದರು. ಅಂಗಡಿಯವರು ‘ಮೋಡೆಮ್ ಹೋಗಿದೆ, ಬೇರೆ ಹಾಕಿಸಿ’ ಅನ್ನುತ್ತಾರೆ. ಹೊಸದು ತಗೊಳ್ಳಲೇ?

ಉತ್ತರ: ಬೇಡ, ದುಡ್ಡು ಜೇಬಲ್ಲೇ ಇರಲಿ. ನಿಮ್ಮ ಮೋಡೆಮ್ ಪೂರ್ತಿ ಹೋಗಿದ್ದರೆ 26,400ಕ್ಕೂ ಕನೆಕ್ಟ್ ಆಗುತ್ತಿರಲಿಲ್ಲ. ಅನುಮಾನ ಇದ್ದರೆ ಕಂಪ್ಯೂಟರನ್ನು ಪೇಟೆಯಲ್ಲಿರುವ ಯಾರಾದರೂ ನೆಂಟರ ಮನೆಗೆ ಒಯ್ದು, ಅವರ ಲೈನಿಗೆ ಹಾಕಿ ನೋಡಿ. ಅಲ್ಲಿ ನೆಟ್ಟಗೆ ಓಡಿದರೆ ಮೋಡೆಮ್ ಮೇಲಿನ ಆಪಾದನೆ ಅಲ್ಲಿಗೇ ಮುಗಿಯಿತು. ನಿಮ್ಮ ಪ್ರಶ್ನೆಯಲ್ಲಿ ಎರಡು ತೊಂದರೆ ಸೇರಿಕೊಂಡಿವೆ. ಸ್ಪೀಡ್ ಕಡಿಮೆ ಅನ್ನುವುದು ಒಂದು, ಕಟ್ ಆಗುವುದು ಇನ್ನೊಂದು. ಮೊದಲನೆಯದು ಬಹುಶಃ ನಿಮ್ಮ ಕೈಯಲ್ಲಿಲ್ಲ. ಎರಡನೆಯದನ್ನು ಹೆಚ್ಚಿನ ಕಡೆ ಸರಿ ಮಾಡಬಹುದು.

ಸ್ಪೀಡಿನ ವಿಷಯ ನೀವು ಕೊಟ್ಟ ಅಂಕಿಯಲ್ಲೇ ಇದೆ. ಮೋಡೆಮ್‌ಗಳು ತಮಗೆ ತೋಚಿದ ವೇಗದಲ್ಲಿ ಕನೆಕ್ಟ್ ಆಗುವುದಿಲ್ಲ, ಮೆಟ್ಟಿಲು ಲೆಕ್ಕದಲ್ಲಿ ಏರುತ್ತವೆ. ವಿ.34 ಅನ್ನುವ ಹಳೇ ಕ್ರಮದಲ್ಲಿ ಒಂದೊಂದು ಮೆಟ್ಟಿಲು 2,400. ಅಂದರೆ 21,600, 24,000, 26,400, 28,800, ಹೀಗೆ ಹೋಗಿ 33,600ಕ್ಕೆ ನಿಲ್ಲುತ್ತದೆ. 1998ರಲ್ಲಿ ಬಂದ ವಿ.90, ಅಂದರೆ ನಾವು 56ಕೆ ಅನ್ನುವುದು, ಅದರ ಮೆಟ್ಟಿಲು ಸುಮಾರು 1,333. ಅಲ್ಲಿ ಕಾಣುವ ಅಂಕಿಗಳು 41,333, 44,000, 45,333 ಈ ತರಹ. ನಿಮಗೆ ಬರುತ್ತಿರುವ 26,400 ಮತ್ತು 21,600 ಎರಡೂ ವಿ.34ರ ಮೆಟ್ಟಿಲುಗಳು. ಅಂದರೆ ನಿಮ್ಮ ಮೋಡೆಮ್ 56ಕೆಗೆ ಪ್ರಯತ್ನಪಟ್ಟು, ಆಗದೆ, ಹಳೇ ಕ್ರಮಕ್ಕೆ ಇಳಿದಿದೆ. (ಯಾರಿಗಾದರೂ 1,15,200 ಅಂತ ತೋರಿಸಿದರೆ ಹಿಗ್ಗಬೇಡಿ. ಅದು ಕಂಪ್ಯೂಟರಿಗೂ ಮೋಡೆಮ್‌ಗೂ ನಡುವಿನ ವೇಗ, ಲೈನಿನದ್ದಲ್ಲ.)

ಯಾಕೆ ಇಳಿಯುತ್ತದೆ? 56ಕೆ ಓಡಬೇಕಾದರೆ ಒಂದು ಷರತ್ತು ಇದೆ. ನಿಮ್ಮ ಮನೆಯಿಂದ ಎಕ್ಸ್‌ಚೇಂಜಿನವರೆಗಿನ ತಾಮ್ರದ ತಂತಿ ಬಿಟ್ಟರೆ ಮುಂದಿನ ದಾರಿಯೆಲ್ಲ ಡಿಜಿಟಲ್, ಅಂದರೆ ಸದ್ದನ್ನು ಅಂಕಿಯಾಗಿ ಸಾಗಿಸುವಂಥದ್ದು, ಆಗಿರಬೇಕು. ಎಕ್ಸ್‌ಚೇಂಜ್ ನಿಮ್ಮ ಲೈನಿನ ಸದ್ದನ್ನು ಸೆಕೆಂಡಿಗೆ 8,000 ಸಲ ಅಳೆದು ಅಂಕಿ ಮಾಡುತ್ತದೆ. ಈ ಬದಲಾವಣೆ ದಾರಿಯಲ್ಲಿ ಒಂದೇ ಸಲ ಆಗಬೇಕು. ಸಣ್ಣ ಎಕ್ಸ್‌ಚೇಂಜಿನಿಂದ ತಾಲೂಕಿನ ದೊಡ್ಡ ಎಕ್ಸ್‌ಚೇಂಜಿಗೆ ಹೋಗುವ ಜಂಕ್ಷನ್ ಲೈನ್ ಇನ್ನೂ ಅನಲಾಗ್ (ಸದ್ದನ್ನು ಸದ್ದಾಗಿಯೇ ಸಾಗಿಸುವಂಥದ್ದು) ಆಗಿದ್ದರೆ, ಅಂಕಿ ಮತ್ತೆ ಸದ್ದಾಗಿ, ಸದ್ದು ಮತ್ತೆ ಅಂಕಿಯಾಗುತ್ತದೆ. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ. ಓದಲು ಬರುತ್ತದೆ, ಆದರೆ ಸಣ್ಣ ಅಕ್ಷರವೆಲ್ಲ ಅಳಿಸಿಹೋಗಿರುತ್ತದೆ. ಹಾಗಾದಾಗ ಎಷ್ಟು ಒಳ್ಳೆಯ ಮೋಡೆಮ್ ತಂದರೂ 33,600 ದಾಟುವುದಿಲ್ಲ. ನಿಮ್ಮ ಎಕ್ಸ್‌ಚೇಂಜಿನ ಜೆಟಿಒ (ಜೂನಿಯರ್ ಟೆಲಿಕಾಂ ಆಫೀಸರ್) ಅವರನ್ನು ಕಂಡರೆ ಒಂದೇ ಪ್ರಶ್ನೆ ಕೇಳಿ: ಇಲ್ಲಿಂದ ತಾಲೂಕಿಗೆ ಹೋಗುವ ಜಂಕ್ಷನ್ ಡಿಜಿಟಲ್ಲೋ ಅನಲಾಗೋ? ಅನಲಾಗ್ ಅಂದರೆ 56ಕೆ ಆಸೆ ಬಿಡಿ. ಡಿಜಿಟಲ್ ಅಂದರೂ 5 ಕಿಲೋಮೀಟರ್ ತಂತಿ ನಿಮ್ಮ ಕಾಲು ಎಳೆಯುತ್ತದೆ, ಅದು ಬೇರೆ ಮಾತು.

ಇದಕ್ಕೆ ಯಾರನ್ನೂ ಬೈದು ಪ್ರಯೋಜನವಿಲ್ಲ. ಹಳ್ಳಿಗಳಿಗೆ ಫೋನ್ ತಂದದ್ದು ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಸಣ್ಣ ಎಕ್ಸ್‌ಚೇಂಜುಗಳು. ಅದರ 128 ಪೋರ್ಟಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾದದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲೇ. ಏಸಿ ಇಲ್ಲದ ಕೋಣೆ, ಧೂಳು, ಸೆಕೆ ಎಲ್ಲ ತಡೆದುಕೊಂಡು ಮಾತು ದಾಟಿಸಬೇಕು ಅನ್ನುವುದು ಆಗಿನ ಲೆಕ್ಕ. ಸಾರ್ವಜನಿಕರಿಗೆ ಇಂಟರ್ನೆಟ್ ಬಂದದ್ದೇ 1995ರ ಆಗಸ್ಟ್ 15ಕ್ಕೆ, ಅದೂ ದೊಡ್ಡ ನಗರಗಳಿಗೆ. ಆ ಲೈನಿನ ಮೇಲೆ ಈಗ ನಾವು ಕಂಪ್ಯೂಟರ್ ಓಡಿಸಲು ಹೊರಟಿದ್ದೇವೆ.

ಸರಿ, ಕಟ್ ಆಗುವ ವಿಷಯಕ್ಕೆ ಬರೋಣ. ನಿಮ್ಮ ಲೈನ್‌ಮ್ಯಾನ್ ಸುಳ್ಳು ಹೇಳಿಲ್ಲ. ಮಾತಿಗೆ ಲೈನ್ ಸರಿಯೇ ಇರಬಹುದು. ನಡುವೆ ಒಂದು ಚರ್ ಅಂದರೆ ನಮ್ಮ ಕಿವಿ ಅದನ್ನು ದಾಟಿಕೊಂಡು ಹೋಗುತ್ತದೆ, ‘ಏನಂದ್ರಿ?’ ಅಂತ ಕೇಳಿದರೆ ಮುಗಿಯಿತು. ಮೋಡೆಮ್‌ಗೆ ಆ ಸಲಿಗೆ ಇಲ್ಲ. ಫೋನ್ ಲೈನಿನಲ್ಲಿ ದಾಟುವ 300ರಿಂದ 3,400 ಹರ್ಟ್ಜ್‌ನ ಆ ಇಕ್ಕಟ್ಟಿನಲ್ಲಿ ಅದು ಇಂಚಿಂಚನ್ನೂ ಬಳಸಿಕೊಂಡಿರುತ್ತದೆ. ಅದರಲ್ಲೂ ತಂತಿ ಉದ್ದವಾದಷ್ಟೂ ಮೇಲಿನ ಸ್ವರಗಳೇ ಮೊದಲು ಸೊರಗುತ್ತವೆ. ಸದ್ದು ಜಾಸ್ತಿಯಾದರೆ ಮೋಡೆಮ್ ಮಾತು ನಿಲ್ಲಿಸಿ ಆ ಕಡೆಯವರ ಜೊತೆ ಮತ್ತೆ ಹೊಸದಾಗಿ ಹೊಂದಾಣಿಕೆ ಮಾಡಿಕೊಳ್ಳುತ್ತದೆ. ಪೇಜ್ ಅರ್ಧಕ್ಕೆ ನಿಂತು, ಸ್ವಲ್ಪ ಹೊತ್ತು ಏನೂ ಆಗದೆ, ಮತ್ತೆ ಓಡುತ್ತದಲ್ವಾ, ಅದೇ ಇದು. ಅದೂ ಆಗದಿದ್ದರೆ ಫೋನ್ ಇಟ್ಟುಬಿಡುತ್ತದೆ.

ಅದಕ್ಕೇ ಮೊದಲ ಪರೀಕ್ಷೆ ಕಿವಿಯದ್ದು. ತಂತಿ ಇರುವ ಸಾದಾ ಫೋನ್ ತಗೊಳ್ಳಿ, ಕಾರ್ಡ್‌ಲೆಸ್ ಬೇಡ. ರಿಸೀವರ್ ಎತ್ತಿ ಯಾವುದಾದರೂ ಒಂದೇ ಒಂದು ಅಂಕಿ ಒತ್ತಿ. ಡಯಲ್ ಟೋನ್ ನಿಲ್ಲುತ್ತದೆ. ಎಕ್ಸ್‌ಚೇಂಜ್ ಬೇರೆ ಟೋನ್ ಕೊಡುವವರೆಗೆ ಕೆಲವು ಸೆಕೆಂಡ್ ಲೈನ್ ಖಾಲಿ ಇರುತ್ತದೆ. ಮಾತಾಡುವ ಕಡೆಯನ್ನು ಅಂಗೈಯಿಂದ ಮುಚ್ಚಿ ಕೇಳಿ. ಬೆಳಿಗ್ಗೆ ಒಮ್ಮೆ, ಬಿಸಿಲಿನಲ್ಲಿ ಒಮ್ಮೆ, ಮಳೆ ಬಂದು ಹೋದ ಮೇಲೆ ಒಮ್ಮೆ, ರಾತ್ರಿ ಕರೆಂಟ್ ಇದ್ದಾಗ ಮತ್ತು ಇಲ್ಲದಾಗ. ಕೇಳಿದ್ದನ್ನು ಚೀಟಿಯಲ್ಲಿ ಬರೆದಿಡಿ.

ಗುಂಯ್ ಅನ್ನುವ ಒಂದೇ ಸಮನೆ ಸದ್ದು ಬಂದರೆ ಅದು ಕರೆಂಟಿನ 50 ಹರ್ಟ್ಜ್ ಮತ್ತು ಅದರ ಮರಿಗಳು. ಫೋನಿನ ಎರಡು ತಂತಿಯೂ ಸರಿಸಮ ಇದ್ದರೆ ಪಕ್ಕದಲ್ಲಿ 11 ಕೆವಿ ಲೈನ್ ಓಡುತ್ತಿದ್ದರೂ ಅದರ ಪ್ರಭಾವ ಎರಡರ ಮೇಲೂ ಒಂದೇ ಆಗಿ ರದ್ದಾಗುತ್ತದೆ. ಒಂದು ತಂತಿ ಎಲ್ಲೋ ಮರಕ್ಕೋ ಒದ್ದೆ ಗೋಡೆಗೋ ತಾಗಿ ಭೂಮಿಗೆ ಸೋರಿದರೆ ಸಮತೋಲ ತಪ್ಪಿತು, ಗುಂಯ್ ಶುರು. ಕರಕರ, ಚಟಚಟ ಅಂದರೆ ಸಡಿಲ ಜಾಯಿಂಟ್. ಗಾಳಿ ಬಂದಾಗ ಅದು ಜಾಸ್ತಿ ಆದರೆ ಹೊರಗಿನ ತಂತಿ. ಬೇರೆಯವರ ಮಾತು ಸಣ್ಣಗೆ ಕೇಳಿಸಿದರೆ ಕೇಬಲಿನೊಳಗೆ ನೀರು ಹೋಗಿರುವ ಅನುಮಾನ. ಸೆಕೆಂಡಿಗೊಂದು ಟಿಕ್ ಟಿಕ್ ಅಂತ ಗಡಿಯಾರದ ಹಾಗೆ ಬಂದರೆ, ನಿಮ್ಮದೋ ಪಕ್ಕದವರದ್ದೋ ತೋಟಕ್ಕೆ ಐಬೆಕ್ಸ್ ಬೇಲಿ (ಪ್ರಾಣಿ ತಡೆಯುವ ಕರೆಂಟ್ ಬೇಲಿ) ಹಾಕಿದ್ದಾರಾ ನೋಡಿ. ಆ ಬೇಲಿ ಬಿಡುವ ಪಲ್ಸ್ ಅದು. ಫೋನ್ ತಂತಿ ಬೇಲಿಗೆ ಸಮಾನಾಂತರವಾಗಿ ದೂರದವರೆಗೆ ಹೋಗಿದ್ದರೆ ಹಿಡಿದುಕೊಳ್ಳುತ್ತದೆ. ಬೇಲಿಯ ಅರ್ಥಿಂಗ್ ಸರಿ ಮಾಡಿಸಿದರೆ, ತಂತಿಯನ್ನು ಬೇಲಿಯಿಂದ ದೂರ ಸರಿಸಿದರೆ ಕಡಿಮೆಯಾಗುತ್ತದೆ. ಸಾಧ್ಯವಾದರೆ ಹಗಲು ನೆಟ್ ನೋಡುವಾಗ ಬೇಲಿ ಆಫ್ ಮಾಡಿ, ಹಂದಿ ಕಾಟಿ ಬರುವುದು ರಾತ್ರಿ ತಾನೇ.

ಆಮೇಲೆ ಮನೆಯೊಳಗಿಂದ ಶುರು ಮಾಡಿ ಹೊರಗೆ ಹೋಗಿ. ಹೊರಗಿನ ತಂತಿ ಮನೆಗೆ ಬಂದು ಸೇರುವ ರೋಸೆಟ್ ಡಬ್ಬಿ ಇದೆಯಲ್ಲ, ಅಲ್ಲಿಂದ ಮುಂದಕ್ಕೆ ಹೋಗುವ ಎಲ್ಲ ವೈರನ್ನೂ ಬಿಚ್ಚಿ, ಮೋಡೆಮ್ ಒಂದನ್ನೇ ನೇರ ಅದಕ್ಕೆ ಹಾಕಿ ಒಂದು ಸಂಜೆ ನೋಡಿ. ಅಡುಗೆಮನೆಯ ಪ್ಯಾರಲಲ್ ಫೋನ್, ನಂಬರ್ ತೋರಿಸುವ ಡಬ್ಬಿ, ಹಿಂದೆ ಯಾವಾಗಲೋ ಅಟ್ಟಕ್ಕೆ ಎಳೆದು ಈಗ ಯಾರೂ ಬಳಸದ ವೈರ್, ಎಲ್ಲವೂ ಲೈನಿನಿಂದ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಕಟ್ ಆಗುವುದು ನಿಂತರೆ ಒಂದೊಂದನ್ನೇ ವಾಪಸ್ ಸೇರಿಸುತ್ತಾ ಬನ್ನಿ, ಕಳ್ಳ ಸಿಗುತ್ತಾನೆ. ಡಬ್ಬಿ ತೆಗೆದಾಗ ಒಳಗೆ ಇರುವೆ ಗೂಡು ಕಂಡರೆ ಆಶ್ಚರ್ಯಪಡಬೇಡಿ, ಮಲೆನಾಡಿನಲ್ಲಿ ಅದು ಮಾಮೂಲು. ಸ್ಕ್ರೂಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ತಂತಿಯ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಬಿಗಿಯಾಗಿ ಕಟ್ಟಿ. ಇದನ್ನೆಲ್ಲ ಗುಡುಗಿಲ್ಲದ ದಿನ ಮಾಡಿ. ರಿಂಗ್ ಬಂದರೆ ಆ ತಂತಿಯಲ್ಲಿ 75 ವೋಲ್ಟ್ ಆಸುಪಾಸು ಎಸಿ ಇರುತ್ತದೆ, ಚೆನ್ನಾಗಿಯೇ ಹೊಡೆಯುತ್ತದೆ. ಇನ್ನೊಂದು ಮಾತು, ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಕಟ್ ಆಗುತ್ತಿದ್ದರೆ ಲೈನನ್ನು ಬೈಯಬೇಡಿ. ಅಗ್ಗದ ಇನ್ವರ್ಟರಿನ ಚೌಕ ಅಲೆ ಕಂಪ್ಯೂಟರಿನ ಮೂಲಕ ಮೋಡೆಮ್‌ಗೆ ಗಲಾಟೆ ತಲುಪಿಸುತ್ತದೆ.

ನಿಮ್ಮ ಕೇಸಿನಲ್ಲಿ ಮಳೆಗೂ ಕಟ್ ಆಗುವುದಕ್ಕೂ ನಂಟಿದೆ ಅಂದಿರಿ. ಅಂದ ಮೇಲೆ ನನ್ನ ಅನುಮಾನ ಹೆಚ್ಚಾಗಿ ಮನೆಯಿಂದ, ಹಲವು ಮನೆಗಳ ಲೈನ್ ಕವಲೊಡೆಯುವ ಡಿಪಿ ಬಾಕ್ಸ್‌ವರೆಗಿನ ಡ್ರಾಪ್ ವೈರ್ ಮೇಲೆ. ನಮ್ಮ ಕಡೆ ಅದು ತೋಟದ ಮೇಲೆ ಹಾಯ್ದು ಬರುತ್ತದೆ. ಅಡಿಕೆ ಮರಕ್ಕೆ ಕಟ್ಟಿರುತ್ತಾರೆ, ಗಾಳಿಗೆ ಮರ ತೂಗುತ್ತದೆ, ತಂತಿ ಒಳಗೊಳಗೇ ಮುರಿಯುತ್ತದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಹಿಡಿದುಕೊಂಡಿರುತ್ತದೆ. ಅಡಿಕೆ ಕೊನೆ ಕೊಯ್ಯುವಾಗ ಒಮ್ಮೆ ಹರಿದು, ಕೈಯಲ್ಲೇ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಒಂದಾದರೂ ಇದ್ದೇ ಇರುತ್ತದೆ. ಆ ಟೇಪ್ ಒಂದು ಮಳೆಗಾಲ ತಡೆಯುವುದಿಲ್ಲ. ನೀರು ಒಳಗೆ ಹೋಗಿ ಕಿಲುಬು ಹಿಡಿದ ಜಾಯಿಂಟ್ ಒಂದು ಹೊತ್ತು ಕರೆಂಟ್ ಬಿಡುತ್ತದೆ, ಒಂದು ಹೊತ್ತು ಬಿಡುವುದಿಲ್ಲ. ತಂತಿಯ ಕೆಳಗೆ ನಡೆದುಕೊಂಡು ಹೋಗಿ, ಪ್ರತಿ ಗಂಟನ್ನೂ ನೋಡಿ. ಜಾಯಿಂಟ್ ಇರುವ ಹಳೇ ವೈರಿಗೆ ಇನ್ನೊಂದು ಜಾಯಿಂಟ್ ಹಾಕುವ ಬದಲು ಡಿಪಿಯಿಂದ ಮನೆಯವರೆಗೆ ಒಂದೇ ತುಂಡಿನ ಹೊಸ ಡ್ರಾಪ್ ವೈರ್ ಎಳೆಸಿ. ಹೊಸ ಮೋಡೆಮ್‌ಗೆ ಇಟ್ಟ ದುಡ್ಡಿನಲ್ಲಿ ಸ್ವಲ್ಪ ಇದಕ್ಕೆ ಹೋದರೆ ಸಾರ್ಥಕ. ದೂರದ ಕೆಲವು ಮನೆಗಳಿಗೆ ಇನ್ನೂ ಕಂಬದ ಮೇಲೆ ಬರಿ ಕಬ್ಬಿಣದ ತಂತಿ ಓಡುತ್ತಿದೆ. ಅದರಲ್ಲಿ ಮಾತು ಬರುವುದೇ ದೊಡ್ಡದು ಮಾರಾಯ್ರೇ, ಕೇಬಲ್ ಜೋಡಿ ಕೊಡಿ ಅಂತ ಅರ್ಜಿ ಹಾಕುವುದೊಂದೇ ದಾರಿ.

ಮಲ್ಟಿಮೀಟರ್ ಇದ್ದರೆ ಎರಡು ಅಳತೆ ತಗೊಳ್ಳಿ. ಫೋನ್ ಕೆಳಗಿಟ್ಟಾಗ ರೋಸೆಟ್‌ನಲ್ಲಿ 48 ವೋಲ್ಟ್ ಆಸುಪಾಸು ಡಿಸಿ ಬರಬೇಕು. ಅದು ಎಕ್ಸ್‌ಚೇಂಜಿನ ಬ್ಯಾಟರಿ. ಮಳೆ ಬಂದಾಗ ಅದು 40ಕ್ಕೋ ಇನ್ನೂ ಕೆಳಗೋ ಇಳಿದರೆ ದಾರಿಯಲ್ಲಿ ಸೋರುತ್ತಿದೆ ಅಂತ ಅರ್ಥ. (ಊರಲ್ಲಿ ದಿನವಿಡೀ ಕರೆಂಟ್ ಇಲ್ಲದಿದ್ದರೆ ಬ್ಯಾಟರಿಯೇ ಸೊರಗಿರಬಹುದು, ಅದನ್ನೂ ಗಮನದಲ್ಲಿಡಿ.) ಫೋನಿಗೆ ಸರಣಿಯಲ್ಲಿ ಮೀಟರ್ ಹಾಕಿ, ರಿಸೀವರ್ ಎತ್ತಿ ಕರೆಂಟ್ ನೋಡಿ, 20 ಮಿಲಿ ಆಂಪ್‌ಗಿಂತ ಮೇಲಿದ್ದರೆ ಚಿಂತೆ ಇಲ್ಲ. 0.5 ಮಿಲಿಮೀಟರ್ ತಾಮ್ರದ ಜೋಡಿಗೆ ಕಿಲೋಮೀಟರಿಗೆ ಸುಮಾರು 170 ಓಮ್. ನಿಮ್ಮ 5 ಕಿಲೋಮೀಟರಿಗೆ 850 ಆಯಿತು. ಅಷ್ಟಕ್ಕೆ 30 ಮಿಲಿ ಆಂಪ್ ಹತ್ತಿರ ಬರಬೇಕು. 15ಕ್ಕೆ ಇಳಿದಿದ್ದರೆ ಎಲ್ಲೋ ಒಂದು ಜಾಯಿಂಟ್ ತಿನ್ನುತ್ತಿದೆ.

ಇಷ್ಟು ಮಾಡಿದ ಮೇಲೂ ಡಿಪಿಯ ಆಚೆ ತೊಂದರೆ ಇದ್ದರೆ ಫೋನ್ ಇಲಾಖೆಗೆ ದೂರು ಕೊಡಿ. ಕೊಡುವಾಗ ‘ನೆಟ್ ಸ್ಲೋ’ ಅನ್ನಬೇಡಿ. ನೆಟ್ ಅಂದ ಕೂಡಲೇ ‘ಅದು ನಮ್ಮದಲ್ಲ’ ಅನ್ನುತ್ತಾರೆ. ‘ಲೈನಿನಲ್ಲಿ ಸದ್ದು, ಮಳೆ ಬಂದಾಗ ಜಾಸ್ತಿ’ ಅನ್ನಿ. ಸದ್ದು ಅವರ ಕೆಲಸ, ನೋಡಲೇಬೇಕು. ಲೈನ್‌ಮ್ಯಾನ್ ಬಂದಾಗ ಬಿಸಿಲಿದ್ದರೆ ಸದ್ದು ಇರುವುದಿಲ್ಲ, ಅದಕ್ಕೇ ನಿಮ್ಮ ಚೀಟಿ ತೋರಿಸಿ. ಎರಡು ವಿಷಯ ಕೇಳಿ. ಒಂದು, ಟೆಸ್ಟ್ ಡೆಸ್ಕ್‌ನಿಂದ ಇನ್ಸುಲೇಷನ್ (ತಂತಿ ಎಲ್ಲಾದರೂ ಸೋರುತ್ತಿದೆಯಾ ಅನ್ನುವುದು) ಅಳೆಸಿ. ಎರಡು, ಡಿಪಿಯಲ್ಲಿ ಯಾರೂ ಬಳಸದ ಖಾಲಿ ತಂತಿ ಜೋಡಿ ಇದ್ದರೆ ನಿಮ್ಮ ಲೈನನ್ನು ಅದಕ್ಕೆ ಬದಲಿಸಿಕೊಡಿ ಅನ್ನಿ. ನೀರು ತಡೆಯಲು ಜೆಲ್ಲಿ ತುಂಬಿದ ನೆಲದಡಿಯ ಕೇಬಲಿನಲ್ಲೂ ಜಾಯಿಂಟ್ ಸರಿ ಮುಚ್ಚದಿದ್ದರೆ ನೀರು ಇಳಿದು ಕೆಲವು ಜೋಡಿ ಕೆಟ್ಟಿರುತ್ತವೆ, ಕೆಲವು ಚೆನ್ನಾಗಿರುತ್ತವೆ. ಜೋಡಿ ಬದಲಿಸುವುದು ಸಣ್ಣ ಕೆಲಸ, ಫಲ ಮಾತ್ರ ದೊಡ್ಡದು. ಒಂದು ಟೀ ಕೊಟ್ಟು, ಅವರ ಜೊತೆ ಡಿಪಿವರೆಗೆ ನೀವೂ ಹೋಗಿ. ಊರಿನ ಯಾವ ಜಾಯಿಂಟ್ ಎಲ್ಲಿದೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಕೆಲವು ಸಲ ಲೈನ್ ಪೂರ್ತಿ ಶಾಂತವಾಗಿರುತ್ತದೆ, ಮಳೆಗೂ ಬಿಸಿಲಿಗೂ ವ್ಯತ್ಯಾಸ ಇರುವುದಿಲ್ಲ, ಆದರೂ ಆಗಾಗ ಕಟ್. ಊರಿನಲ್ಲಿ ನೆಟ್ ಇರುವ ಎಲ್ಲರಿಗೂ ಹೀಗೇ ಆಗುತ್ತಿದ್ದರೆ ತೊಂದರೆ ಎಕ್ಸ್‌ಚೇಂಜಿನಲ್ಲೇ ಇರಬಹುದು. ಎರಡು ಡಿಜಿಟಲ್ ಎಕ್ಸ್‌ಚೇಂಜುಗಳ ಗಡಿಯಾರ ಒಂದಕ್ಕೊಂದು ಹೊಂದದಿದ್ದರೆ ಆಗಾಗ ಒಂದು ಅಂಕಿ ತಪ್ಪುತ್ತದೆ, ಇಲ್ಲವೇ ಎರಡು ಸಲ ಬರುತ್ತದೆ. ಇದಕ್ಕೆ ಸ್ಲಿಪ್ ಅನ್ನುತ್ತಾರೆ. ಮಾತಿನಲ್ಲಿ ಅದು ಸಣ್ಣ ಟಕ್, ಗೊತ್ತೇ ಆಗುವುದಿಲ್ಲ. ಮೋಡೆಮ್ ಅಲ್ಲೇ ಎಡವುತ್ತದೆ. ನಾಲ್ಕು ಜನ ಸೇರಿ ಜೆಟಿಒ ಅವರಿಗೆ ‘ಜಂಕ್ಷನ್‌ನಲ್ಲಿ ಸ್ಲಿಪ್ ಇದೆಯಾ ನೋಡಿ’ ಅಂತ ಹೇಳಿ. ಈ ಪದ ಬಳಸಿದರೆ ಮಾತುಕತೆಯ ಧಾಟಿಯೇ ಬೇರೆಯಾಗುತ್ತದೆ.

ಈಗ ಮೋಡೆಮ್ ಸೆಟ್ಟಿಂಗ್. ಇದನ್ನು ಕೊನೆಗೆ ಇಟ್ಟದ್ದು ಬೇಕಂತಲೇ, ಯಾಕೆಂದರೆ ಎಲ್ಲರೂ ಇಲ್ಲಿಂದಲೇ ಶುರು ಮಾಡಿ, ಸೋರುವ ಲೈನನ್ನು ಸೆಟ್ಟಿಂಗಿನಿಂದ ರಿಪೇರಿ ಮಾಡಲು ಹೊರಡುತ್ತಾರೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೋಡೆಮ್ಸ್, ಪ್ರಾಪರ್ಟೀಸ್, ಕನೆಕ್ಷನ್, ಅಡ್ವಾನ್ಸ್ಡ್ ಅಂತ ಹೋದರೆ ‘ಎಕ್ಸ್‌ಟ್ರಾ ಸೆಟ್ಟಿಂಗ್ಸ್’ ಅನ್ನುವ ಖಾಲಿ ಜಾಗ ಸಿಗುತ್ತದೆ. ಅಲ್ಲಿ ಎಸ್10=50 ಅಂತ ಹಾಕಿ (ಅಕ್ಷರವನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು). ಆ ಕಡೆಯ ಮೋಡೆಮ್‌ನ ಸದ್ದು ಮಾಯವಾದರೆ ಎಷ್ಟು ಹೊತ್ತು ಕಾದು ಫೋನ್ ಇಡಬೇಕು ಅನ್ನುವುದು ಎಸ್10. ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ಸಾಮಾನ್ಯವಾಗಿ 14 ಇರುತ್ತದೆ, ಅಂದರೆ ಒಂದೂವರೆ ಸೆಕೆಂಡ್‌ಗೂ ಕಡಿಮೆ. 50 ಮಾಡಿದರೆ 5 ಸೆಕೆಂಡ್ ತಾಳ್ಮೆ ಬರುತ್ತದೆ.

ಇನ್ನೊಂದು, ಸ್ಪೀಡಿಗೆ ನೀವೇ ಮಿತಿ ಹಾಕುವುದು. ಕೇಳಲು ವಿಚಿತ್ರ, ಆದರೆ ಉದ್ದ ಲೈನಿಗೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ. 28,800ಕ್ಕೆ ಹತ್ತಿ ಪದೇಪದೇ ಎಡವಿ ಬೀಳುವ ಕನೆಕ್ಷನ್‌ಗಿಂತ 24,000ದಲ್ಲಿ ಗಂಟೆಗಟ್ಟಲೆ ನಿಲ್ಲುವುದು ಬೇಗ ಕೆಲಸ ಮುಗಿಸುತ್ತದೆ. ಕಟ್ ಆಗಿ ಮತ್ತೆ ಡಯಲ್ ಮಾಡಿದಾಗಲೆಲ್ಲ ಹೊಸ ಕಾಲ್ ಲೆಕ್ಕ, ಬಿಲ್ಲೂ ಏರುತ್ತದೆ. ಕೊನೆಕ್ಸಂಟ್ ಚಿಪ್ಪಿನ ಮೋಡೆಮ್ ಆದರೆ +ಎಂಎಸ್=ವಿ34,1,4800,24000 ಅಂತ ಅದೇ ಖಾಲಿ ಜಾಗದಲ್ಲಿ ಹಾಕಿ. ಲೂಸೆಂಟ್ ಚಿಪ್ಪಾದರೆ ಎಸ್38=0 ಹಾಕಿದರೆ 56ಕೆ ಪ್ರಯತ್ನವನ್ನೇ ಬಿಡುತ್ತದೆ. ನಿಮ್ಮ ಲೈನಿಗೆ ಅದು ಹೇಗೂ ಆಗದಿದ್ದರೆ ಸುಮ್ನೆ ಯಾಕೆ ಪರದಾಡಬೇಕು? ಯಾವ ಚಿಪ್ಪು ಅನ್ನುವುದು ಡಬ್ಬಿ ಮೇಲಿನ ಬ್ರಾಂಡಿನಿಂದ ತಿಳಿಯುವುದಿಲ್ಲ. ಕಾರ್ಡಿನ ಮೇಲಿನ ದೊಡ್ಡ ಕಪ್ಪು ಚಿಪ್ಪನ್ನು ಓದಿ. ಒಳಗೆ ಕೂರುವ ಅಗ್ಗದ ಮೋಡೆಮ್‌ಗಳು ಅರ್ಧ ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರಿಗೇ ಹೊರಿಸುತ್ತವೆ, ಕಂಪ್ಯೂಟರ್ ಬೇರೆ ಕೆಲಸದಲ್ಲಿ ಮುಳುಗಿದಾಗ ಕಟ್ ಆಗುವುದುಂಟು. ಯಾವತ್ತಾದರೂ ಹೊಸದು ತಗೊಳ್ಳುವುದೇ ಆದರೆ ಸೀರಿಯಲ್ ಪೋರ್ಟಿಗೆ ಹಾಕುವ, ಹೊರಗಿಡುವ ಮೋಡೆಮ್ ತಗೊಳ್ಳಿ.

ಡಯಲ್ ಟೋನ್ ಇದ್ದರೂ ‘ಇಲ್ಲ’ ಅಂತ 680 ನಂಬರಿನ ಎರರ್ ಬಂದರೆ, ‘ವೇಟ್ ಫಾರ್ ಡಯಲ್ ಟೋನ್’ ಅನ್ನುವ ಟಿಕ್ ತೆಗೆಯಿರಿ. ನಮ್ಮ ಡಯಲ್ ಟೋನ್ ಅಮೆರಿಕದ್ದರ ಹಾಗಲ್ಲ, ಅದನ್ನು ಕೆಲವು ಮೋಡೆಮ್‌ಗಳು ಗುರುತು ಹಿಡಿಯುವುದಿಲ್ಲ. 678 ಅಂದರೆ ಆ ಕಡೆ ಎತ್ತಲಿಲ್ಲ, 676 ಅಂದರೆ ಬ್ಯುಸಿ, 691 ಅಂದರೆ ಪಾಸ್‌ವರ್ಡ್ ತಪ್ಪು. ಈ ಮೂರಕ್ಕೂ ಸಾಧಾರಣವಾಗಿ ನಿಮ್ಮ ತಂತಿ ಕಾರಣವಲ್ಲ. ಪ್ರತಿ ಸಲ ಸರಿಯಾಗಿ ಅಷ್ಟೇ ನಿಮಿಷಕ್ಕೆ ಕಟ್ ಆಗುತ್ತಿದ್ದರೆ, ಸುಮ್ಮನಿದ್ದಾಗ ಕಟ್ ಮಾಡುವ ಸೆಟ್ಟಿಂಗ್ ಆನ್ ಇದೆಯಾ ನೋಡಿ. ಕಾಲ್ ವೇಟಿಂಗ್ ಇದ್ದರೆ ತೆಗೆಸಿ. ಅದರ ಒಂದು ಬೀಪ್ ಸಾಕು ಮೋಡೆಮ್ ಬೀಳಿಸಲು.

ತಂತಿಯ ಬದಲು ರೇಡಿಯೋ ಮೇಲೆ ಬರುವ ಡಬ್ಲ್ಯುಎಲ್‌ಎಲ್ ಫೋನ್ ಇರುವ ಓದುಗರಿಗೆ ಮೇಲಿನದ್ದು ಹೆಚ್ಚೇನೂ ಉಪಯೋಗಕ್ಕೆ ಬರುವುದಿಲ್ಲ. ಅದು ಮಾತನ್ನು ಒತ್ತಿ ಸಣ್ಣದು ಮಾಡಿ ಕಳಿಸುತ್ತದೆ, ಸಾದಾ ಮೋಡೆಮ್ ಹಾಕಿದರೆ ಒಳ್ಳೆಯ ವೇಗ ಬರುವುದಿಲ್ಲ. ಆ ಡಬ್ಬಿಯಲ್ಲಿ ಕಂಪ್ಯೂಟರಿಗೆ ಬೇರೆ ಪೋರ್ಟ್ ಇದೆಯಾ ನೋಡಿ. ಮದ್ರಾಸ್ ಐಐಟಿಯಲ್ಲಿ ಹುಟ್ಟಿದ ಕಾರ್‌ಡೆಕ್ಟ್ ತರಹದವುಗಳಲ್ಲಿ ಮೋಡೆಮ್ ಇಲ್ಲದೆಯೇ ನೇರ 35 ಕೆಬಿಪಿಎಸ್ (ಸೆಕೆಂಡಿಗೆ 35,000 ಬಿಟ್) ಸಿಗುತ್ತಿತ್ತು.

ಗುಡುಗಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಪ್ರಿಲ್ ಮೇ ತಿಂಗಳ ಸಂಜೆ ಮಳೆಗೆ ಮಲೆನಾಡಿನಲ್ಲಿ ಸುಡುವ ಮೋಡೆಮ್‌ಗೆ ಲೆಕ್ಕವಿಲ್ಲ. ಮೋಡ ಕಟ್ಟಿದಾಗ ಕಂಪ್ಯೂಟರಿನ ಪ್ಲಗ್ ಕೀಳುತ್ತಾರೆ, ಫೋನ್ ವೈರ್ ಹಾಗೇ ಬಿಡುತ್ತಾರೆ. ಸಿಡಿಲು ಬರುವುದು ಹೆಚ್ಚಾಗಿ ಆ ವೈರಿನಲ್ಲೇ, ಕಿಲೋಮೀಟರ್‌ಗಟ್ಟಲೆ ಬಯಲಲ್ಲಿ ಓಡುವುದು ಅದೇ ತಾನೇ. ಎರಡನ್ನೂ ಕೀಳಿ, ದೂರದಲ್ಲಿ ಗುಡುಗಿದಾಗಲೇ ಕೀಳಿ, ತಲೆ ಮೇಲೆ ಬಂದ ಮೇಲೆ ಮುಟ್ಟಲು ಹೋಗಬೇಡಿ.

ಲೈನ್ ಸರಿಯಾಗುವವರೆಗೆ ಇರುವುದರಲ್ಲೇ ಕೆಲಸ ಸಾಗಿಸಬೇಕಲ್ವಾ. 26,400ರಲ್ಲಿ 1 ಎಂಬಿ ಇಳಿಯಲು ಐದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಬ್ರೌಸರ್‌ನಲ್ಲಿ ಚಿತ್ರ ಬರುವುದನ್ನು ನಿಲ್ಲಿಸಿ. ಮೇಲ್‌ಗಳನ್ನು ನೆಟ್ ಹಾಕದೆ ಬರೆದಿಟ್ಟುಕೊಂಡು, ಕನೆಕ್ಟ್ ಆದಾಗ ಒಟ್ಟಿಗೆ ಕಳಿಸಿ, ಬಂದದ್ದನ್ನು ಇಳಿಸಿಕೊಂಡು ಕಟ್ ಮಾಡಿ ಓದಿ. ದೊಡ್ಡ ಫೈಲಿಗೆ ನಿಂತಲ್ಲಿಂದ ಮುಂದುವರಿಸುವ ಡೌನ್‌ಲೋಡ್ ಮ್ಯಾನೇಜರ್ ಹಾಕಿಕೊಳ್ಳಿ. ಡ್ರಾಪ್ ವೈರ್ ಬದಲಿಸಿದ ಮೇಲೂ ಕಟ್ ಆಗುತ್ತಿದ್ದರೆ ಮೋಡೆಮ್ ಪ್ರಾಪರ್ಟೀಸ್‌ನಲ್ಲಿ ಲಾಗ್ ಫೈಲ್ ಆನ್ ಮಾಡಿ. ವಿಂಡೋಸ್ ಫೋಲ್ಡರಿನಲ್ಲಿ ಒಂದು ಲಾಗ್ ಫೈಲ್ ಆಗುತ್ತದೆ. ಅದನ್ನೂ, ವೋಲ್ಟ್ ಮತ್ತು ಮಿಲಿ ಆಂಪ್ ಅಳತೆಯನ್ನೂ, ಆ ಚೀಟಿಯನ್ನೂ ಕಳಿಸಿ, ಮುಂದೆ ನೋಡೋಣ.